ಗಾಡಿ ಎದ್ದು ನಿಂತಿತು, ತೂಕ ಇಳೀಲಿಲ್ಲ

ಅಪ್ಪನ ಪಿಕಪ್, ಭಾಗ 4

ಮೊದಲನೇ ಫೋಟೋ ನೋಡಿ. ಗಾಡಿ ನಾಯಿ ಥರ ಕುಕ್ಕರಿಸಿ ಕೂತಿದೆ. ಈಗ ಸ್ವೈಪ್ ಮಾಡಿ. ಅದೇ ಗಾಡಿ, ಅದೇ ಕ್ಯಾಂಪರ್ ರೂಮು, ಆದ್ರೆ ನೆಟ್ಟಗೆ ನಿಂತಿದೆ. ಮಧ್ಯೆ ಆಗಿದ್ದು ಇಷ್ಟೇ: ಹಿಂದಿನ ಎರಡೂ ಕಮಾನಿಗೆ ಎರಡೆರಡು ಪ್ಲೇಟ್ ಜಾಸ್ತಿ ಹಾಕ್ಸಿದ್ವಿ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ನಮ್ಮಪ್ಪ 22 ವರ್ಷ ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ ಹೊಡೆದಿದ್ದಾರೆ. ಶಿರಾಡಿ ಘಾಟ್ ಎಷ್ಟು ಸಲ ಇಳಿದ್ರೋ ಲೆಕ್ಕ ಇಲ್ಲ. ಸಮುದ್ರದ ಹತ್ರ ಒಂದು ಸಲನೂ ಗಾಡಿ ನಿಲ್ಲಿಸಿಲ್ಲ. ಲೋಡ್ ಇಳಿಸೋದು, ವಾಪಸ್ ಬರೋದು. ಈಗ ಡಬಲ್ ಕ್ಯಾಬಿನ್ ಪಿಕಪ್ ಹಿಂದೆ ಮಲಗೋ ರೂಮು ಕಟ್ಟಿ, ನಾಲ್ಕೂ ಜನ ಹೋಗೋಣ ಅಂತ ಅವರ ಆಸೆ.

ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಭಾರ ಜಾಸ್ತಿ ಆಗಿ ಹಿಂಭಾಗ ಕೂತ್ರೆ ಏನಾಗುತ್ತೆ ಗೊತ್ತಾ? ಮುಂದಿನ ಚಕ್ರದ ಮೇಲಿನ ಭಾರ ಕಮ್ಮಿ ಆಗಿ ಸ್ಟೇರಿಂಗ್ ಹಗುರ ಅನ್ಸುತ್ತೆ. ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡಿಯುತ್ತೆ. ಪ್ಲೇಟ್ ಹಾಕಿದ್ರೆ ಹೆಡ್‌ಲೈಟ್ ಸರಿಹೋಗುತ್ತೆ, ಸುಳ್ಳಲ್ಲ; ಮುಂದಿನ ಚಕ್ರದ ಮೇಲಿನ ಭಾರ ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಅಪ್ಪ ಖುಷಿಯಾಗಿ ‘ಇನ್ನೇನು, ಹೊರಡೋಣ’ ಅಂದ್ರು.

ನಂಗೆ ಮಾತ್ರ ಸಮಾಧಾನ ಇಲ್ಲ. ಆರ್‌ಸಿ ತೆಗೆದು ನೋಡ್ದೆ. ಒಟ್ಟು ತೂಕದ ಮಿತಿ 2,735 ಕೆಜಿ. ಪ್ಲೇಟ್ ಹಾಕೋಕೆ ಮುಂಚೆ ವೇಬ್ರಿಡ್ಜ್‌ನಲ್ಲಿ, ನಾಲ್ಕೂ ಜನ ಕೂತು, ಟ್ಯಾಂಕ್ ತುಂಬಿಸಿ ತೂಗಿಸಿದಾಗ 2,865 ಬಂದಿತ್ತು. ಪ್ಲೇಟ್ ಹಾಕಿದ್ಮೇಲೆ? 2,895. ಪ್ಲೇಟಿನದ್ದೇ 30 ಕೆಜಿ ಸೇರ್ಕೊಂಡಿತ್ತು!

ಬಿಕಾಂನೋರೇ, ಇದಕ್ಕೆ ನಮ್ಮ ಕ್ಲಾಸಲ್ಲಿ ಏನಂತಾರೆ? ವಿಂಡೋ ಡ್ರೆಸ್ಸಿಂಗ್. ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣುತ್ತೆ, ಸಾಲ ಹಾಗೇ ಇರುತ್ತೆ. ಕಮಾನು ಭಾರ ಹೊರುತ್ತೆ ಅಷ್ಟೇ. ಘಾಟಲ್ಲಿ ಗಾಡಿ ನಿಲ್ಲಿಸಬೇಕಾಗಿರೋದು ಬ್ರೇಕು. ಆಕ್ಸಲ್, ಬೇರಿಂಗ್, ಟೈರು ಎಲ್ಲಾ ಹಳೇವೇ. ಆರ್‌ಸಿ ಮಿತಿ ಇವೆಲ್ಲಾ ಸೇರಿಸಿ ಇಟ್ಟಿರೋದು, ಬರೀ ಕಮಾನಿಗಲ್ಲ.

ಇದನ್ನ ಅಪ್ಪಂಗೆ ಹೇಳಿದಾಗ ಸಿಟ್ಟು ಬಂತು. ‘ನೀನು ಹುಟ್ಟೋಕೆ ಮುಂಚೆಯಿಂದ ಆ ಘಾಟ್ ಇಳೀತಿದ್ದೀನಿ’ ಅಂದ್ರು. ಎರಡು ದಿನ ಮಾತಿಲ್ಲ. ನಾನು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಡ್ಯಾಶ್‌ಬೋರ್ಡ್ ಮೇಲಿಟ್ಟೆ. 100 ಲೀಟರ್ ನೀರಿನ ಬದಲು 40 ಲೀಟರ್: 60 ಕೆಜಿ ಉಳಿತಾಯ. ಎರಡನೇ ಬ್ಯಾಟರಿ, ಇನ್ವರ್ಟರ್ ಬೇಡ: 55. ಕಬ್ಬಿಣದ ಅಟ್ಟ ತೆಗೆದು ಪ್ಲೈವುಡ್: 60.

ಆ ಅಟ್ಟ ಅಪ್ಪ ಕೈಯಾರೆ ವೆಲ್ಡ್ ಮಾಡಿದ್ದು. ಅದನ್ನ ಬರೆಯೋವಾಗ ನಂಗೂ ಕಷ್ಟ ಆಯ್ತು.

ಮೂರನೇ ದಿನ ಬೆಳಿಗ್ಗೆ ಗ್ರೈಂಡರ್ ಸದ್ದಿಗೆ ಎಚ್ಚರ ಆಯ್ತು. ಅಪ್ಪ ಅಟ್ಟ ಕತ್ತರಿಸ್ತಿದ್ರು. ಮುಖ ನೋಡದೇ ‘ಪ್ಲೈವುಡ್ ಅಳತೆ ಬರ್ಕೋ’ ಅಂದ್ರು.

ಈಗ 2,720. ಮಿತಿಗಿಂತ 15 ಕೆಜಿ ಕಮ್ಮಿ. ನನ್ನ ಜೀವನದ ಮೊದಲ ಅಸಲಿ ಲಾಭ ಇದೇ ಕಣ್ರೋ. ಹಾಗಂತ ನಾಳೆನೇ ಹೊರಡಲ್ಲ. ಆರ್‌ಸಿ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಹೇಳುತ್ತೆ. ಆರ್‌ಟಿಒ ಕೆಲಸ ಮುಗೀಲಿ, ಆಮೇಲೆ ಸಮುದ್ರ.

ನಿಮ್ಮನೇಲೂ ಗಾಡಿ ಇದ್ಯಾ? ಆರ್‌ಸಿಯಲ್ಲಿ ತೂಕ ಎಷ್ಟಿದೆ ಅಂತ ಇವತ್ತೇ ನೋಡಿ, ಕಮೆಂಟಲ್ಲಿ ಹಾಕಿ.

#ಅಪ್ಪನಪಿಕಪ್ #ಹಾಸನ #ಶಿರಾಡಿಘಾಟ್