ಮಧುಗಿರಿಯ ಏರಿಗೆ ಎಷ್ಟು ಕುದುರೆ?

ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಭಾಗ್ಯ ಒಂದು ಕಾಲಕ್ಕೆ ಬಸವನಹುಳುವಿಗೆ ಮಾತ್ರ ಮೀಸಲಾಗಿತ್ತು. ಈಗ ಕ್ಯಾರವಾನ್ ಎಂಬ ಡೀಸೆಲ್ ಮನೆಗಾಡಿಗಳು ಕರ್ನಾಟಕದ ರಸ್ತೆಗಳಲ್ಲಿಯೂ ಕಾಣಸಿಗುತ್ತವೆ. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ ಅಡಕ. ಇಂಥ ಗಾಡಿಯನ್ನು ಕೊಳ್ಳಹೊರಟ ಗೃಹಸ್ಥನು ಮಂಚದ ಅಗಲವನ್ನು ವಿಚಾರಿಸುವ ಮೊದಲು ಎಂಜಿನ್ನಿನ ಬಲವನ್ನು ವಿಚಾರಿಸುವುದು ಲೇಸು. ಅದು ಎಷ್ಟಿದ್ದರೆ ಸಾಕೆಂಬುದನ್ನು ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ದಾರಿಗಳು ಚೆನ್ನಾಗಿ ತಿಳಿಸಬಲ್ಲವು.

ತುಮಕೂರಿನಿಂದ ಉತ್ತರಕ್ಕೆ ಹೊರಟರೆ ಮೊದಲು ಸಿಗುವುದು ಕೊರಟಗೆರೆ. ಸಿದ್ಧರಬೆಟ್ಟ, ಚನ್ನರಾಯನದುರ್ಗಗಳು ಈ ತಾಲ್ಲೂಕಿನವು. ಮುಂದೆ ಮಧುಗಿರಿ; ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ ನಿಂತ ಏಕಶಿಲೆಯ ಬೆಟ್ಟ, ಅದರ ಮೈಗೆ ಅಂಟಿಕೊಂಡ ಕೋಟೆ. ಬಂಡೆಯನ್ನು ಪ್ರವಾಸಿಗನು ಕಾಲ್ನಡಿಗೆಯಿಂದಲೇ ಹತ್ತಬೇಕು. ಆದರೆ ದಾರಿಯ ಏರುಗಳನ್ನು ಗಾಡಿಯೇ ಹತ್ತಬೇಕಷ್ಟೆ.

ತುಂಬಿದ ಮನೆಗಾಡಿಯ ತೂಕ 5 ಟನ್ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಿಂದ ಸಾಗಲು, ಆ ಭಾರವನ್ನು ಮೇಲೆತ್ತುವುದಕ್ಕೇ ಸುಮಾರು 37 ಅಶ್ವಶಕ್ತಿ ಬೇಕು. ಚಕ್ರಗಳ ಎಳೆತ, ಗಾಳಿಯ ತಡೆ, ಗೇರುಗಳ ನಷ್ಟ ಸೇರಿದರೆ 60ರ ಹತ್ತಿರ. ಅದೇ ಏರನ್ನು 60 ಕಿಲೋಮೀಟರ್ ವೇಗದಿಂದ ಹತ್ತಬೇಕೆಂದರೆ 90ನ್ನೂ ಮೀರುತ್ತದೆ. ಹೀಗಾಗಿ 100ರಿಂದ 120 ಅಶ್ವಶಕ್ತಿಯ ಎಂಜಿನ್ ಇಂಥ ಗಾಡಿಗೆ ತಕ್ಕುದು. ಕಡಿಮೆ ಸುತ್ತಿನಲ್ಲಿಯೇ ಹೆಚ್ಚು ಟಾರ್ಕ್ ಕೊಡುವ ಟರ್ಬೊ ಡೀಸೆಲ್ ಆದರೆ ಗೇರು ಬದಲಿಸುವ ಶ್ರಮವೂ ಕಡಿಮೆ.

ಪಾವಗಡವನ್ನು ತಲುಪಿದಾಗ ಲೆಕ್ಕಕ್ಕೆ ಇನ್ನೊಂದು ಅಂಶ ಕೂಡಿಕೊಳ್ಳುತ್ತದೆ. ಮಳೆ ಕಡಿಮೆಯಾದ ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳೊಡನೆ ಹೊರಟ ಗೃಹಿಣಿ ಕುಡಿಯುವ ನೀರನ್ನು ತುಂಬಿಕೊಂಡೇ ಬರುವುದು ಕ್ಷೇಮ. 300 ಲೀಟರ್ ನೀರೆಂದರೆ 300 ಕಿಲೋ ಭಾರ. ನೀರನ್ನು ಬಿಡುವಂತಿಲ್ಲ, ಆದುದರಿಂದ ಭಾರದ ಕಪಾಟು, ಅಲಂಕಾರದ ಸಾಮಾನುಗಳನ್ನು ಬಿಡುವುದೇ ಜಾಣತನ. ಬಿಸಿಲಿಗಂತೂ ಇಲ್ಲಿ ಬರವಿಲ್ಲ. ಸುಮಾರು 13,000 ಎಕರೆಗಳಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರವೇ ಅದಕ್ಕೆ ಸಾಕ್ಷಿ. ಎಂಜಿನ್ನಿನಿಂದ ನಡೆಯುವ ಹವಾನಿಯಂತ್ರಣವೂ ಒಂದಷ್ಟು ಅಶ್ವಶಕ್ತಿಯನ್ನು ಕಬಳಿಸುತ್ತದೆ. ಏರಿನಲ್ಲಿ ಅದನ್ನು ಆರಿಸಿದರೆ ಎಂಜಿನ್ನಿಗೆ ಉಸಿರು ಬರುತ್ತದೆ.

ಮರಳಿ ಮಧುಗಿರಿಯಿಂದ ಪಶ್ಚಿಮಕ್ಕೆ ತಿರುಗಿದರೆ ಶಿರಾ. 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾದ ಊರು. ಮಲಿಕ್ ರಿಹಾನನ ಗೋರಿಯನ್ನು ನೋಡಿ ಬೆಂಗಳೂರು–ಪುಣೆ ಹೆದ್ದಾರಿಯನ್ನು ಸೇರಬಹುದು. ಅಲ್ಲಿ ಸಮತಟ್ಟಾದ ದಾರಿಯಲ್ಲಿ 80 ಕಿಲೋಮೀಟರ್ ವೇಗಕ್ಕೆ 50ರಷ್ಟು ಅಶ್ವಶಕ್ತಿ ಸಾಕಾಗುತ್ತದೆ. ಬಡ ಎಂಜಿನ್ನೂ ಬಲಶಾಲಿಯಂತೆ ತೋರುತ್ತದೆ. ಆದುದರಿಂದ ಗಾಡಿಯನ್ನು ಪರೀಕ್ಷಿಸುವವರು ಹೆದ್ದಾರಿಯ ಓಟವನ್ನು ಕಂಡು ಮರುಳಾಗದೆ, ಮನೆಮಂದಿಯನ್ನು ಕೂರಿಸಿ, ತೊಟ್ಟಿಯ ತುಂಬ ನೀರು ತುಂಬಿಸಿ, ಒಂದು ಒಳ್ಳೆಯ ಏರಿನ ನಡುವೆ ನಿಲ್ಲಿಸಿ ಹೊರಡಿಸಿ ನೋಡಬೇಕು. ಹಣ ಕೊಡುವ ಮೊದಲು ಮಾಡತಕ್ಕ ಪರೀಕ್ಷೆ ಅದೊಂದೇ.