ಮಕ್ಕಳ ಕೈಲಿ ಬೀಡಿ ತರಿಸಬೇಡಿ

ಹೈಸ್ಕೂಲ್ ಹುಡುಗರ ಜೊತೆ ಬೀಡಿ, ಗುಟ್ಕಾ, ವೇಪ್ ಬಗ್ಗೆ ಮಾತಾಡುವಾಗ ನಾವು ಕ್ಯಾನ್ಸರ್ ಚಿತ್ರ ತೋರಿಸಿ ಹೆದರಿಸುವುದಿಲ್ಲ. ಮೊದಲು ಅವರ ಮಾತು ಕೇಳುತ್ತೇವೆ. "ಅಪ್ಪನೇ ಬೀಡಿ ತರೋಕೆ ಅಂಗಡಿಗೆ ಕಳಿಸ್ತಾರಲ್ಲ?" ಅನ್ನುತ್ತಾರೆ. ಇದಕ್ಕೆ ಮನೆಯವರೇ ಉತ್ತರ ಕೊಡಬೇಕು.

2003ರ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. ವೇಪ್ ಮಾರಾಟ 2019ರಿಂದ ದೇಶದಲ್ಲೇ ನಿಷೇಧ. ಹಣ್ಣಿನ ವಾಸನೆ ಬಂದರೂ ಅದರೊಳಗೆ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಅದರ ಚಟ ಬೇಗ ಹತ್ತುತ್ತದೆ.

ಈಗಾಗಲೇ ಶುರು ಮಾಡಿದ ಹುಡುಗನಿಗೆ ಹೊಡೆದರೆ ಅವನು ಮುಚ್ಚಿಡುವುದನ್ನು ಕಲಿಯುತ್ತಾನೆ, ಅಷ್ಟೇ. ಕೂರಿಸಿಕೊಂಡು ಮಾತಾಡಿ. ಚಟ ಬಿಡಿಸುವ ಸಹಾಯವಾಣಿ 14446, ಕರೆಗೆ ದುಡ್ಡಿಲ್ಲ. ಇವತ್ತು ಬೀಡಿ ಬೇಕೇ ಬೇಕು ಅನ್ನಿಸಿದರೆ, ನೀವೇ ಎದ್ದು ಹೋಗಿ ತನ್ನಿ.