ಇಂದಿನ ಅನ್ನ

ಮನುಷ್ಯನ ಭಕ್ತಿಗೆ ನಿಜವಾದ ಪರೀಕ್ಷೆ ನಡೆಯುವ ಸ್ಥಳ ಯಾವುದು? ದೇವಾಲಯವೆಂದು ಕೆಲವರು ಹೇಳುವರು. ರಣರಂಗವೆಂದು ಕೆಲವರು, ಮರಣಶಯ್ಯೆಯೆಂದು ಮತ್ತೆ ಕೆಲವರು. ಇವೆಲ್ಲವೂ ಆಯುಷ್ಯದಲ್ಲಿ ಎಂದೋ ಒಮ್ಮೆ ಒದಗತಕ್ಕ ಸ್ಥಳಗಳು. ಆದರೆ ದಿನಕ್ಕೆರಡು ಬಾರಿ ತಪ್ಪದೆ ಒದಗುವ ಪರೀಕ್ಷಾಸ್ಥಾನವೊಂದುಂಟು. ಅದು ಅಡಿಗೆಯ ಮನೆಯ ಧಾನ್ಯದ ಡಬ್ಬಿ. ಅದರೊಳಗೆ ಕೈಯಿಳಿಸಿದಾಗ ಬೆರಳಿಗೆ ತಳವು ತಾಗಿತೆಂದರೆ, ಆ ಕ್ಷಣದಲ್ಲಿ ಮನಸ್ಸು ಏನೆನ್ನುವುದೋ ಅದೇ ಆ ಮನುಷ್ಯನ ಮತವೆಂದು ತಿಳಿಯಬಹುದು.

ಕುರುಗೋಡು ಬಳ್ಳಾರಿಯ ಉತ್ತರಕ್ಕಿರುವ ಪ್ರಾಚೀನವಾದ ಊರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮಾಂಡಲಿಕರು ಇಲ್ಲಿಂದ ನಾಡನ್ನಾಳಿದರು. ಬಂಡೆಗಳನ್ನು ಅಡುಕಿಟ್ಟಂತಹ ಬೆಟ್ಟ, ಅದರ ಬಳಿ ದೊಡ್ಡ ಬಸವೇಶ್ವರನ ಗುಡಿ, ಗುಡಿಯೊಳಗೆ ನೋಡುವವರನ್ನು ಮೌನಗೊಳಿಸುವ ಏಕಶಿಲೆಯ ಮಹಾನಂದಿ. ಈಚೆಗೆ ತುಂಗಭದ್ರೆಯ ಕಾಲುವೆಯ ನೀರುಂಡು ಬೆಳೆಯುವ ಬತ್ತ, ಹತ್ತಿ, ಮೆಣಸಿನಕಾಯಿಯ ಹೊಲಗಳು. ಶರಣರ ಕಾಯಕ ದಾಸೋಹಗಳ ಮಾತು ಮಣ್ಣಿನಲ್ಲಿಯೇ ಬೆರೆತಿರುವ ಈ ಸೀಮೆಯಲ್ಲಿ ಕ್ರೈಸ್ತರ ಮನೆಗಳು ಸ್ವಲ್ಪವೇ. ಅಂತಹ ಒಂದು ಮನೆಯ ಎರಡು ವರ್ಷಗಳ ವೃತ್ತಾಂತವೇ ಇಲ್ಲಿಯ ವಿಷಯ. ಮನೆಯವರ ಹೆಸರು ವಾಚಕರಿಗೆ ಬೇಕಾಗಿಲ್ಲ. ಅವರಿಗೂ ಅದು ಬೇಕಾಗಿಲ್ಲ.

ಆ ಮನೆಯಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಸ್ವಂತಕ್ಕೆ ಒಂದೆರಡು ಎಕರೆ. ಉಳಿದುದು ಕೋರಿಗೆ ಮಾಡಿದ ಹೊಲ. ಹೆಂಡತಿಯು ಬಳ್ಳಾರಿಯ ಜೀನ್ಸ್ ಬಟ್ಟೆಯ ವ್ಯಾಪಾರಿಗಳಿಂದ ಕತ್ತರಿಸಿದ ತುಂಡುಗಳ ಗಂಟನ್ನು ತಂದು ಮನೆಯಲ್ಲಿಯೇ ಹೊಲಿದುಕೊಡುವಳು. ಬೆಳಗಿನ ಜಾವ ಒಲೆ ಹೊತ್ತಿಸುವುದಕ್ಕೆ ಮೊದಲು ಆಕೆ ಎರಡು ಕೆಲಸಗಳನ್ನು ತಪ್ಪದೆ ಮಾಡುವಳು. ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಹೇಳಿಕೊಳ್ಳುವುದು ಒಂದು. ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವುದು ಮತ್ತೊಂದು. ಈ ಹಿಡಿಯಕ್ಕಿಯು ಆ ಮನೆಗೆ ಸೇರಿದ್ದಲ್ಲ. ಭಾನುವಾರ ಅದನ್ನು ಪ್ರಾರ್ಥನೆಯ ಸ್ಥಳಕ್ಕೆ ಒಯ್ಯುವರು. ಹಲವು ಮನೆಗಳ ಹಿಡಿಗಳು ಒಂದೆಡೆ ಸೇರಿ, ಆ ವಾರ ಯಾರ ಮನೆಯಲ್ಲಿ ಇಲ್ಲವೋ ಅವರ ಮನೆಗೆ ಹೋಗುವುವು. ದಕ್ಷಿಣದೇಶದ ಹಳ್ಳಿಗಳ ಅನೇಕ ಕ್ರೈಸ್ತಸಭೆಗಳಲ್ಲಿ ಈ ಪದ್ಧತಿ ರೂಢವಾಗಿದೆ.

ಆ ಪ್ರಾರ್ಥನೆಯ ವಿಷಯದಲ್ಲಿ ಒಂದು ಮಾತು. ಅದರಲ್ಲಿ ಐಶ್ವರ್ಯದ ಬೇಡಿಕೆಯಿಲ್ಲ, ದೀರ್ಘಾಯುಷ್ಯದ ಬೇಡಿಕೆಯಿಲ್ಲ. ದೇಹದ ವಿಷಯವಾಗಿ ಅಲ್ಲಿರುವುದು ಒಂದೇ ಬೇಡಿಕೆ. ಅದು ಆ ದಿನದ ಊಟದ್ದು. ಮೂಲವಾದ ಗ್ರೀಕ್ ಭಾಷೆಯಲ್ಲಿ ಆ ಊಟಕ್ಕಿರುವ ವಿಶೇಷಣವು ಬಹು ವಿರಳವಾದ ಶಬ್ದ. ‘ಬೇಕಾದಷ್ಟು’ ಎಂದು ಕೆಲವು ಪಂಡಿತರೂ, ‘ಬರುವ ದಿನದ್ದು’ ಎಂದು ಕೆಲವರೂ ಅದಕ್ಕೆ ಅರ್ಥ ಹೇಳುವರು. ಯಾವ ಅರ್ಥವನ್ನು ಹಿಡಿದರೂ ಕಣಜ ತುಂಬುವ ಮಾತು ಅಲ್ಲಿಲ್ಲ. ಇಸ್ರಾಯೇಲರು ಅರಣ್ಯದಲ್ಲಿದ್ದಾಗ ಆಕಾಶದಿಂದ ಬಿದ್ದ ಮನ್ನವನ್ನು ಅಂದಂದಿಗೆ ಕೂಡಿಸಿಕೊಳ್ಳಬೇಕಾಗಿತ್ತೆಂದೂ, ಮರುದಿನಕ್ಕೆಂದು ಬಚ್ಚಿಟ್ಟುದು ಹುಳಬಿದ್ದು ನಾರಿತೆಂದೂ ಸತ್ಯವೇದದ ಹಳೆಯ ಕಥೆ ಹೇಳುತ್ತದೆ. ನಮ್ಮ ಧರ್ಮಶಾಸ್ತ್ರಕಾರರೂ ಇದಕ್ಕೆ ಅಪರಿಚಿತರಲ್ಲ. ಮನುವು ಗೃಹಸ್ಥರನ್ನು ವಿಂಗಡಿಸುವಾಗ ಕಣಜದಷ್ಟು ಧಾನ್ಯವುಳ್ಳವನು, ಮಡಕೆಯಷ್ಟು ಉಳ್ಳವನು, ಮೂರು ದಿನಕ್ಕೆ ಸಾಲುವಷ್ಟು ಉಳ್ಳವನು ಎಂದು ಇಳಿಯುತ್ತ ಬಂದು, ಕೊನೆಗೆ ‘ಅಶ್ವಸ್ತನಿಕ’ನನ್ನು ಹೆಸರಿಸುತ್ತಾನೆ. ಶ್ವಃ ಎಂದರೆ ನಾಳೆ; ನಾಳೆಗೆಂದು ಏನನ್ನೂ ಇಟ್ಟುಕೊಳ್ಳದವನು ಅಶ್ವಸ್ತನಿಕ. ಈ ನಾಲ್ವರಲ್ಲಿ ಅವನೇ ಶ್ರೇಷ್ಠನೆಂಬುದು ಶಾಸ್ತ್ರದ ತೀರ್ಮಾನ.

ಆದರೆ ತಾನಾಗಿ ಕೈಕೊಂಡ ಅಪರಿಗ್ರಹ ಒಂದು. ಮಳೆ ಕೈಬಿಟ್ಟುದರಿಂದ ಬಂದ ಅಪರಿಗ್ರಹ ಇನ್ನೊಂದು. ಎರಡನೆಯದರಲ್ಲಿ ಸಿಕ್ಕಿಕೊಂಡವನಿಗೆ ಶಾಸ್ತ್ರದ ಪ್ರಶಂಸೆಯಿಂದ ಹೊಟ್ಟೆ ತುಂಬದು. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳಿಗೆ ಬರವೆಂದು ಸಾರಿದರು. ತುಂಗಭದ್ರೆಯ ಜಲಾಶಯ ತುಂಬಲಿಲ್ಲ. ಇದ್ದಷ್ಟು ನೀರಿನಲ್ಲಿ ಆ ಮನೆಯವರು ಮೆಣಸಿನಕಾಯಿಯನ್ನು ಬೆಳೆದು, ಒಣಗಿಸಿ, ಚೀಲ ತುಂಬಿ, ಎಲ್ಲರಂತೆ ಬ್ಯಾಡಗಿಯ ಮಾರುಕಟ್ಟೆಗೆ ಕಳುಹಿಸಿದರು. 2024ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿ ಬೆಲೆ ಒಮ್ಮೆಲೆ ಕುಸಿಯಿತು. 11ನೆಯ ತಾರೀಖು ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟ ಸಂಗತಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಈ ಗೃಹಸ್ಥನು ಬೆಂಕಿಯಿಡಲಿಲ್ಲ. ಬಂದ ಬೆಲೆಗೆ ಕೊಟ್ಟು ಹಿಂದಿರುಗಿದನು. ಗೊಬ್ಬರದ ಸಾಲ ತೀರಲಿಲ್ಲ. ಕೋರಿನ ಹಣ ಉಳಿಯಿತು. ಅಂದಿನಿಂದ ಅವನು ಭಾನುವಾರದ ಪ್ರಾರ್ಥನೆಗೆ ಹೋಗುವುದನ್ನು ನಿಲ್ಲಿಸಿದನು.

ಒಂದು ಮುಂಜಾನೆ ಆಕೆ ಪ್ರಾರ್ಥನೆ ಮುಗಿಸಿ ಏಳುವಷ್ಟರಲ್ಲಿ ಅವನು ಕೇಳಿದನು:

“ದಿನಾ ಬೇಡಿಕೊಂತೀ. ಏನು ಕೊಟ್ಟಾನ ದೇವರು?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಾನು ಬೇಡಿದ್ದು ಇವತ್ತಿಂದು. ಇವತ್ತಿಂದು ಐತಿ. ನಾಳಿಂದು ಇನ್ನಾ ಬೇಡಿಲ್ಲ ನೋಡ್ರಿ.”

ಇದು ಜಾಣತನದ ಉತ್ತರವಲ್ಲ. ಆಕೆಗೆ ತಿಳಿದಿದ್ದುದೇ ಅಷ್ಟು. ಇದನ್ನು ಕೇಳಿ ಅವನಿಗೆ ಸಮಾಧಾನವೂ ಆಗಲಿಲ್ಲ. ಅವನ ಪ್ರಶ್ನೆ ಹಗುರವಾದುದಲ್ಲವಷ್ಟೆ! ಬೇಡಿದರೂ ಬಾರದೆ ಹೋದುದಕ್ಕೆ ಈ ಜಿಲ್ಲೆಯ ಚರಿತ್ರೆಯಲ್ಲಿಯೇ ಸಾಕಷ್ಟು ಸಾಕ್ಷ್ಯವಿದೆ.

ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸರು ಬಳ್ಳಾರಿಗೆ ಬಂದುದು 1810ರಲ್ಲಿ. ಆಗ ಕನ್ನಡವನ್ನು ಕಲಿಯಬೇಕೆಂಬ ಪರದೇಶದವನಿಗೆ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ಜನರ ಬಾಯಿಂದಲೇ ಭಾಷೆಯನ್ನು ಕಲಿತು, ಸುಮಾರು ಇಪ್ಪತ್ತು ವರ್ಷ ದುಡಿದು, ಸಹೋದ್ಯೋಗಿಗಳ ನೆರವಿನಿಂದ ಸತ್ಯವೇದವನ್ನು ಸಮಗ್ರವಾಗಿ ಕನ್ನಡಕ್ಕೆ ತಂದರು. ಅವರೊಡನೆ ದುಡಿದ ವಿಲಿಯಂ ರೀವರಿಂದ ಕನ್ನಡಕ್ಕೊಂದು ದೊಡ್ಡ ನಿಘಂಟೂ ದೊರಕಿತು. ಹ್ಯಾಂಡ್ಸರ ಪಾಠವನ್ನು ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ತಿದ್ದಿದರು. ಅದನ್ನು ಅವರ ನಂತರದವರು ತಿದ್ದಿದರು. ಇಪ್ಪತ್ತು ವರ್ಷಗಳ ಆ ದುಡಿಮೆಯನ್ನು ಮೊದಲಿದ್ದ ರೂಪದಲ್ಲಿ ಇಂದು ಯಾರೂ ಓದುವುದಿಲ್ಲ. ಬಳ್ಳಾರಿಯ ತಮಿಳು ಸಭೆಯನ್ನು ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯೆಲ್ ಫ್ಲೇವೆಲ್ ಎಂಬ ದೇಶೀಯ ಬೋಧಕರು 1847ರಲ್ಲಿ ವಾಂತಿಭೇದಿಯಿಂದ ತೀರಿಕೊಂಡರು. ಅವರಿಗಾಗಿ ಪ್ರಾರ್ಥಿಸಿದವರು ಇರಲಿಲ್ಲವೆ?

ಅನಂತರ ಬಂದುದು ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮ, 1876ರಿಂದ 1878ರವರೆಗಿನದು. ಮದರಾಸು ಆಧಿಪತ್ಯದಲ್ಲಿ ಬಹು ಘೋರವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಕೂಲಿಯವನಿಗೆ ಸರ್ ರಿಚರ್ಡ್ ಟೆಂಪಲ್ಲರು 1877ರಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯವೂ ಸ್ವಲ್ಪ ಕಾಸೂ ಸಾಕೆಂದು ಗೊತ್ತುಮಾಡಿದರು. ಅದು ಸಾಲದೆಂದು ವೈದ್ಯರು ಕೂಗಿಕೊಂಡ ಮೇಲೆಯೇ ಪ್ರಮಾಣ ಹೆಚ್ಚಿತು. ಈ ಮನೆಯ ಹಿರಿಯಳೊಬ್ಬಳು ಆ ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿಯೆಂದೂ, ಹಿಡಿಯಕ್ಕಿಯ ಮಡಕೆಯನ್ನು ಮನೆಯಲ್ಲಿ ಮೊದಲು ಇಟ್ಟವಳು ಆಕೆಯೇ ಎಂದೂ ಮನೆತನದ ಮಾತು. ಹಸಿವಿನಿಂದ ಎಲ್ಲರನ್ನೂ ಕಳೆದುಕೊಂಡವಳು ದೇವರಿಗೆ ಹೇಳಿದ ಉತ್ತರವು ಒಂದು ಮಡಕೆ! ಈ ಉತ್ತರದ ಅರ್ಥವು ಆ ಗೃಹಸ್ಥನಿಗೆ 2024ರ ಜೂನ್ ತಿಂಗಳವರೆಗೂ ಹೊಳೆದಿರಲಿಲ್ಲ.

ಆ ತಿಂಗಳು ಹೊಲಿಗೆಯ ಕೆಲಸವೂ ನಿಂತಿತು. ಒಂದು ಭಾನುವಾರದ ಸಂಜೆ ಸಭೆಯ ಹಿರಿಯಳೊಬ್ಬಳು ಕೈಚೀಲವನ್ನು ಹಿಡಿದು ಬಾಗಿಲಿಗೆ ಬಂದಳು. ಚೀಲದಲ್ಲಿದ್ದುದು ಹಿಡಿಯಕ್ಕಿ. ಸಣ್ಣಕ್ಕಿ, ದಪ್ಪಕ್ಕಿ, ನ್ಯಾಯಬೆಲೆಯ ಅಂಗಡಿಯ ಅಕ್ಕಿ, ಎಲ್ಲವೂ ಬೆರೆತಿದ್ದುವು. ಇಷ್ಟು ವರ್ಷ ಆ ಮನೆಯಿಂದ ಹೊರಟ ಹಿಡಿ ಈಗ ಆ ಮನೆಗೇ ಬಂದಿತ್ತು. ಗೃಹಸ್ಥನ ಮುಖ ಕಪ್ಪಾಯಿತು.

“ಭಿಕ್ಷಾ ತಿನ್ನೂ ಮಟ್ಟಕ್ಕ ಬಂದ್ವೇನಮ್ಮಾ?” ಎಂದನು.

ಮುದುಕಿಯು ಚೀಲವನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರಸಿಕೊಂಡು, “ಭಿಕ್ಷಾ ಯಾಕಪ್ಪಾ? ನಿನ್ನ ಹೇಣ್ತಿ ಹೋದ ವಾರ ತಂದು ಹಾಕಿದ್ದೂ ಇದರಾಗ ಐತಿ. ಯಾರದು ಯಾವುದಂತ ಆರಿಸಾಕ ಬರತೈತೇನು?” ಎಂದಳು.

ಹೋದ ವಾರವೂ ಹಾಕಿದ್ದಳೆಂಬ ಮಾತು ಅವನಿಗೆ ಹೊಸದು. ಡಬ್ಬಿಯಲ್ಲಿ ಕೈಗೆ ತಳ ತಾಗುತ್ತಿದ್ದ ವಾರದಲ್ಲಿಯೂ ಆಕೆ ಹಿಡಿಯನ್ನು ತೆಗೆದಿಟ್ಟಿದ್ದಳು. ಅವನು ಹೆಂಡತಿಯ ಮುಖವನ್ನು ನೋಡಿದನು. ಆಕೆ ಒಲೆಯ ಕಡೆಗೆ ತಿರುಗಿದಳು.

ಇಲ್ಲಿ ಆ ಪ್ರಾರ್ಥನೆಯ ಒಂದು ಸರ್ವನಾಮದ ಕಡೆಗೆ ಲಕ್ಷ್ಯ ಹರಿಯುತ್ತದೆ. ಅದರಲ್ಲಿ ಅನ್ನವನ್ನು ಬೇಡುವವನು ‘ನನಗೆ’ ಎನ್ನುವುದಿಲ್ಲ, ‘ನಮಗೆ’ ಎನ್ನುತ್ತಾನೆ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಹೇಳಿದರೂ ಅದು ಬಹುವಚನವೇ. ಆದುದರಿಂದ ಒಬ್ಬನ ಬೇಡಿಕೆಗೆ ಬರುವ ಉತ್ತರವು ಇನ್ನೊಬ್ಬನ ಕೈಯಿಂದ ಬಂದರೆ ಅದರಲ್ಲಿ ಅವಮಾನವಿಲ್ಲ. ಆ ಇನ್ನೊಬ್ಬನೂ ಅದೇ ಬೇಡಿಕೆಯೊಳಗೆ ಸೇರಿದವನು. ಕೊಡುವುದರಲ್ಲಿ ಬೇಕಾದ ನಂಬಿಕೆಗಿಂತ ತೆಗೆದುಕೊಳ್ಳುವುದರಲ್ಲಿ ಹೆಚ್ಚಿನ ನಂಬಿಕೆ ಬೇಕು. ಕೊಡುವವನಿಗೆ ತನ್ನ ಕೈಯ ಬಲವಾದರೂ ಉಂಟು. ತೆಗೆದುಕೊಳ್ಳುವವನಿಗೆ ಅದೂ ಇಲ್ಲ. ದಾಸೋಹದ ನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ.

ಇಂತಹ ನಂಬಿಕೆಯು ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡುವುದೆಂಬ ಆಕ್ಷೇಪವು ಬಹಳ ಹಳೆಯದು. ಈ ಮನೆಯ ಮಟ್ಟಿಗೆ ಅದು ನಿಲ್ಲದು. ಆಕೆ ಬೆಳೆವಿಮೆಯ ಕಂತನ್ನು ಕಟ್ಟಿಸಿದ್ದಳು. ಹೊಲಿಗೆಯ ಗಂಟಿಗಾಗಿ ಬಳ್ಳಾರಿಯ ಬಸ್ಸಿಗೆ ಅಲೆದಳು. ಮಕ್ಕಳನ್ನು ಒಂದು ದಿನವೂ ಶಾಲೆ ಬಿಡಿಸಲಿಲ್ಲ. ನಾಳೆಗಾಗಿ ದುಡಿಯುವುದನ್ನು ಆಕೆ ಬಿಟ್ಟಿರಲಿಲ್ಲ. ನಾಳೆಗಾಗಿ ಹೆದರುವುದನ್ನು ಮಾತ್ರ ಬಿಡಲು ಪ್ರಯತ್ನಿಸುತ್ತಿದ್ದಳು. ಪ್ರತಿ ರಾತ್ರಿಯೂ ಅದು ಸಾಧ್ಯವಾಯಿತೆಂದು ಹೇಳಿದರೆ ಸುಳ್ಳಾದೀತು. ಹೊಲಿಗೆಯ ಯಂತ್ರದ ಮುಂದೆ ಕುಳಿತು ಕಣ್ಣೀರಿಟ್ಟುದನ್ನು ಮಕ್ಕಳು ಕಂಡಿದ್ದರು.

ಆ ವರ್ಷದ ಮಳೆ ಚೆನ್ನಾಗಿ ಬಂದಿತು. ಜಲಾಶಯ ತುಂಬಿತು, ಕಾಲುವೆಯಲ್ಲಿ ನೀರು ಬಂದಿತು, ಬತ್ತದ ನಾಟಿ ಮೊದಲಾಯಿತು. ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಬಾಗಿಲು ಕೊಚ್ಚಿಹೋಯಿತು. ತುಂಬಿದ ನೀರು ಹಗಲಿರುಳು ನದಿಗೆ ಹರಿಯತೊಡಗಿತು. ಕುರುಗೋಡು, ಕಂಪ್ಲಿ, ಸಿರುಗುಪ್ಪಗಳ ರೈತರಿಗೆ ಆ ವಾರ ನಿದ್ರೆಯಿರಲಿಲ್ಲ. ಗುಡಿ, ಮಸೀದಿ, ಚರ್ಚುಗಳಲ್ಲಿ ಎಲ್ಲರ ಬೇಡಿಕೆಯೂ ಒಂದೇ ಆಗಿತ್ತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸುವ ದುಸ್ಸಾಹಸವನ್ನು ಕೆಲಸಗಾರರು ಕೈಕೊಂಡು, ಸುಮಾರು ಒಂದು ವಾರದಲ್ಲಿ ಕಿಂಡಿಯನ್ನು ಮುಚ್ಚಿದರು. ಮುಂದಿನ ವಾರಗಳ ಮಳೆಯಿಂದ ಜಲಾಶಯವು ಮತ್ತೆ ತುಂಬಿತು.

ಇದು ಪ್ರಾರ್ಥನೆಯ ಫಲವೋ, ಯಂತ್ರಶಿಲ್ಪಿಗಳ ಕೌಶಲವೋ, ಮುಂಗಾರಿನ ಕೃಪೆಯೋ ಎಂಬ ತರ್ಕವು ಆ ಮನೆಯಲ್ಲಿ ನಡೆಯಲಿಲ್ಲ. ಅಲ್ಲಿ ನಡೆದುದು ಬೇರೊಂದು ಸಣ್ಣ ಸಂಗತಿ. ಬಾಗಿಲು ಹೋದ ಸುದ್ದಿ ಬಂದ ಮರುದಿನ ಭಾನುವಾರ. ಕಿಂಡಿಯನ್ನು ಮುಚ್ಚಲಾದೀತೆಂದು ಯಾರಿಗೂ ಭರವಸೆಯಿರಲಿಲ್ಲ. ಹೆಂಡತಿ ನೀರು ತರಲು ಹೋಗಿದ್ದಳು. ಗೃಹಸ್ಥನು ಒಲೆಯ ಹತ್ತಿರ ಬಂದು, ಅಳೆದಿಟ್ಟಿದ್ದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಮಡಕೆಗೆ ಹಾಕಿದನು. ಬಾಯಲ್ಲಿ ಪ್ರಾರ್ಥನೆ ಬಂದಿತೋ ಇಲ್ಲವೋ, ಕಂಡವರಿಲ್ಲ. ಹಾಕಿದುದನ್ನು ಮಾತ್ರ ಕಿರಿಯ ಮಗಳು ಕಂಡು ತಾಯಿಗೆ ಹೇಳಿದಳು.

ಕನ್ನಡದ ಕ್ರೈಸ್ತರು ತಮ್ಮ ಶ್ರದ್ಧೆಗೆ ‘ನಂಬಿಕೆ’ಯೆಂದೂ ‘ವಿಶ್ವಾಸ’ವೆಂದೂ ಹೆಸರಿಟ್ಟಿರುವರು. ವಿಶ್ವಾಸವೆಂಬುದು ಉಸಿರಾಡುವುದೆಂಬ ಅರ್ಥದ ಶ್ವಸ್ ಧಾತುವಿನಿಂದ ಹುಟ್ಟಿದ ಶಬ್ದ. ಹೆದರಿಕೆಯಿಲ್ಲದೆ ಉಸಿರಾಡುವುದೇ ಅದರ ಮೂಲಾರ್ಥ. ನಾಳೆಯೆಂಬ ಅರ್ಥದ ಶ್ವಸ್ ಎಂಬ ಅವ್ಯಯವು ರೂಪದಲ್ಲಿ ಅದಕ್ಕೆ ಸಮಾನವಾಗಿದ್ದರೂ ಅರ್ಥದಲ್ಲಿ ಸಂಬಂಧವಿಲ್ಲವೆಂದು ವೈಯಾಕರಣರು ಹೇಳುವರು. ಜೀವನದಲ್ಲಿಯೂ ಹಾಗೆಯೇ ಎಂದು ತೋರುತ್ತದೆ. ಯಾವ ಧನಿಕನೂ ನಾಳೆಯ ಉಸಿರನ್ನು ಇಂದು ಎಳೆದಿಟ್ಟುಕೊಳ್ಳಲಾರನು. ಯಾವ ದರಿದ್ರನೂ ಇಂದಿನ ಉಸಿರಿಗಾಗಿ ಸಾಲ ಮಾಡಬೇಕಾಗಿಲ್ಲ. ಆ ಮನೆಯ ಸಾಲ ಇನ್ನೂ ತೀರಿಲ್ಲ. ಹಿಡಿಯಕ್ಕಿಯ ಮಡಕೆಯು ಭಾನುವಾರ ಬರಿದಾಗಿ, ಸೋಮವಾರದ ಮುಂಜಾನೆ ಮತ್ತೆ ಒಂದು ಹಿಡಿಯಿಂದ ತುಂಬತೊಡಗುತ್ತದೆ.